ಗಡಿಯಾಚೆ ಉಳಿದಿದ್ದ ಹೆಸರು

೧೯೯೧ರ ಸಂಕ್ರಾಂತಿ ಕಳೆದ ವಾರ. ಕಾಗವಾಡದ ದ್ರಾಕ್ಷಿ ತೋಟದಲ್ಲಿ ಮಂಜು ಇನ್ನೂ ಚಪ್ಪರದ ಮೇಲೆ ಮಲಗಿತ್ತು. ಎಲೆಗಳ ಸಂದಿಯಿಂದ ಇಳಿದ ಬೆಳಕು ನೀರಿನ ಹಾಗೆ ಅಲುಗಾಡುತ್ತಿತ್ತು. ಅದರ ನಡುವೆ ಹಣ್ಣು ಬಿಡಿಸುತ್ತಿದ್ದ ಸತ್ತೆವ್ವ ಸದ್ದಿಲ್ಲದೆ ಕುಸಿದಳು. ಅವಳು ಆರು ತಿಂಗಳ ಬಸುರಿ.

ಅತ್ತೆ ಮಲಕವ್ವ ಓಡಿ ಬಂದು ತೊಡೆಗೆ ಒರಗಿಸಿಕೊಂಡಳು. ಹತ್ತಿರದಲ್ಲೇ ಇದ್ದ ಅಂಗನವಾಡಿಯ ಕುಸುಮಬಾಯಿ ನೀರು ತಂದರು.

"ಮಾವಶಿ, ಸೊಸಿ ಹೆಸರ ನಮ್ಮಲ್ಲಿ ಯಾಕ ಬರಸಿಲ್ಲ? ಬಸರಿ ಹೆಣ್ಮಕ್ಕಳಿಗೆ ಆಹಾರ ಕೊಡ್ತೀವಿ, ಸೂಜಿ ಹಾಕಸ್ತೀವಿ."

"ನಾವು ಹೊರಗಿನವರ್ರೀ ಬಾಯಾರ. ಕಾರ್ಡ ಕೇಳ್ತಾರ. ಇಲ್ಲ ಅಂದ್ರ ಊರ ಬಿಡಸ್ತಾರ."

ಮಲಕವ್ವ ಗಂಡ ತೀರಿದ ಮೇಲೆ ಮಗನೊಡನೆ ಗಡಿಯಾಚೆ ಮಿರಜ ಕಡೆಯ ತವರಿಗೆ ಹೋಗಿದ್ದಳು. ದುಡಿಮೆಗೆಂದು ಇಲ್ಲಿಗೆ ಬಂದು ಎಂಟು ವರ್ಷವಾಗಿತ್ತು. ತಾಯಿ ಮಗನ ಹೆಸರು ಮಾತ್ರ ಅಣ್ಣ ಜಕ್ಕಪ್ಪನ ರೇಷನ್ ಕಾರ್ಡಿನಲ್ಲೇ ಉಳಿದಿತ್ತು.

"ಸೂಜಿಗಿ ಕಾರ್ಡ ಬೇಕಿಲ್ಲ ಮಾವಶಿ. ನಾಕ ತಿಂಗಳ ಕಬ್ಬ ಕಡ್ಯಾಕ ಬಂದವರ ಕೂಸಿಗೂ ಲಸಿಕಿ ಹಾಕ್ತಾರ. ರೇಷನ್ ಮಾತ ಬ್ಯಾರೆ. ಬಂದು ಹೋಗವರ ಕಾರ್ಡ ಅವರ ಊರಾಗ ಇರಲಿ. ನೀವು ಇಲ್ಲೇ ನೆಲಿ ನಿಂತವರು. ಅಲ್ಲಿ ಹೆಸರ ಕಡಿಸಿ, ದಾಖಲೆ ತಂದು ಇಲ್ಲಿ ಅರ್ಜಿ ಕೊಡ್ರಿ. ಎರಡೂ ಕಡೆ ಇರಬಾರದು."

ಮಲಕವ್ವ ಸೊಸೆಯ ಮುಖ ಸೆರಗಿನಿಂದ ಒರೆಸಿದಳು. "ಹೆಸರ ಕಡಿಸಿದ ಮ್ಯಾಲೆ ತವರ ಅನ್ನೂದು ಎಲ್ಲಿ ಉಳೀತೈತ್ರಿ?" ಅಂದಳು. ಅವಳ ನಿಜವಾದ ಅಂಜಿಕೆ ಅದೇ ಆಗಿತ್ತು.

ಮರುದಿನವೇ ಸತ್ತೆವ್ವನಿಗೆ ಸೂಜಿ ಬಿತ್ತು. ಯಾರೂ ಯಾವ ಕಾರ್ಡನ್ನೂ ಕೇಳಲಿಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆ ಮಲಕವ್ವ ತವರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಬಿಳಿ ಸೂಲಂಗಿ ಹೂ ತೂಗುತ್ತಿತ್ತು. ಕನ್ನಡ ಫಲಕ ಹಿಂದೆ ಸರಿದು ಮರಾಠಿ ಫಲಕ ಬಂತು. ಗಾಳಿ ಮಾತ್ರ ಅದೇ ಇತ್ತು.

ಅಣ್ಣನ ಜೊತೆ ಹೋದ ರೇಷನ್ ಕಚೇರಿಯಲ್ಲಿ ಗುಮಾಸ್ತ ಎರಡು ಹೆಸರಿನ ಮೇಲೆ ಕೆಂಪು ಗೆರೆ ಎಳೆದ. ಮಲಕವ್ವ ಕಣ್ಣು ಮುಚ್ಚಿದಳು. ಚಿಕ್ಕವಳಿದ್ದಾಗ ಅವ್ವ ಕುರಿಹಟ್ಟಿಯಿಂದ ತನ್ನ ಹೆಸರನ್ನು ಉದ್ದಕ್ಕೆ ಎಳೆದು ಕೂಗುತ್ತಿದ್ದ ದನಿ ಕಿವಿಯಲ್ಲಿ ತೇಲಿತು.

"ಅಳಬ್ಯಾಡ ಬೇ ತಂಗಿ," ಅಂದ ಜಕ್ಕಪ್ಪ. "ಪಂಚಮಿಗಿ ಕರ್ಯಾಕ ನಾನೇ ಬರ್ತೀನಿ."

ಸತ್ತೆವ್ವನ ತವರು ಅಲಖನೂರಿನಿಂದಲೂ ಹೆಸರು ಕಡಿಸಿದ ಚೀಟಿ ಬಂತು. ತೋಟದ ಮಾಲಕ ಪಾರಿಸ, ಈ ಮನೆಯವರು ಇಲ್ಲೇ ಇರುವುದಾಗಿ ಬರೆದುಕೊಟ್ಟರು. ಅಥಣಿಯ ತಾಲೂಕು ಕಚೇರಿಗೆ ಮೂರು ಸಲ ಅಲೆಯಬೇಕಾಯಿತು. ಊರಿನ ಲೆಕ್ಕಿಗ ತಲಾಟಿ ಮನೆಗೆ ಬಂದು ವಿಚಾರಿಸಿ ಹೋದ. ಸತ್ತೆವ್ವ ಗಟ್ಟಿಮುಟ್ಟಾದ ಹೆಣ್ಣು ಕೂಸು ಹೆತ್ತ ಹದಿನೈದು ದಿನಕ್ಕೆ ಕಾರ್ಡು ಕೈಗೆ ಬಂತು.

ಓದಲು ಬಾರದ ಮಲಕವ್ವ ಅದರ ಮೇಲೆ ಬೆರಳಾಡಿಸಿದಳು. "ನನ್ನ ಹೆಸರ ಯಾವುದ್ರಿ?"

ಕುಸುಮಬಾಯಿ ತೋರಿಸಿದರು. "ಮೊದಲನೇದ್ದ ನಿಮ್ಮದು ಮಾವಶಿ. ಮನಿ ಹಿರ್ಯಾಕಿ ನೀವ."

ತಾಯಂದಿರೇ, ಅಣ್ಣಂದಿರೇ, ಬಸುರಿಗೆ ಸೂಜಿ, ಕೂಸಿಗೆ ಲಸಿಕೆ ಹಾಕಿಸಲು ಕಾರ್ಡಿಗಾಗಿ ಕಾಯಬೇಡಿ. ಊರು ಬದಲಿಸಿ ನೆಲೆ ನಿಂತಿದ್ದರೆ ಹಳೆಯ ಊರಿನಲ್ಲಿ ಹೆಸರು ತೆಗೆಸಿ, ಹೊಸ ಊರಿನಲ್ಲಿ ಕೇಳಿ ಬರೆಸಿ. ನಿಮ್ಮ ಓಣಿಯಲ್ಲಿ 'ನಾವು ಹೊರಗಿನವರು' ಎಂದು ಹೆದರಿ ಕೂತವರಿದ್ದರೆ, ಇವತ್ತೇ ಅವರ ಬಾಗಿಲು ತಟ್ಟಿ, ಜೊತೆಗೆ ಕರೆದುಕೊಂಡು ಹೋಗಿ.