ಪಂಚಮದಲ್ಲೇ ನಿಂತ ಅಪ್ಪ

ಪಿಯಾನೋ ರಿಪೇರಿಯವನ ಕಿವಿ ಎಂಥದೆಂದರೆ, ಪಕ್ಕದ ಬೀದಿಯಲ್ಲಿ ಸೊಳ್ಳೆ ಹಾರಿದರೂ ಅದು ಯಾವ ಶ್ರುತಿಯಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಅಂಥವನೂ ಅಂದು ಅಕ್ಕತಂಗಿಯರಿಬ್ಬರ ಮನೆಯ ಮಹಡಿ ಕೋಣೆಯಲ್ಲಿ ಪಿಯಾನೋದ ಮುಂದೆ ತಲೆ ಕೆರೆಯುತ್ತ ಕೂತಿದ್ದ.

"ನಾಲ್ಕು ಗಂಟೆ ಆಗ್ಲಿ, ನೀವೇ ಕೇಳಿ," ಎಂದಳು ಅಕ್ಕ. "ಅಪ್ಪ ತಂಗಿಗೆ ಪಾಠ ಹೇಳ್ತಾ ಹೇಳ್ತಾ ಇದರ ಮೇಲೇ ಕುಸಿದು ಹೋಗಿಬಿಟ್ರು. ಮೂರು ತಿಂಗಳಾಯ್ತು. ಅವತ್ತಿಂದ ನನ್ನ ತಂಗಿ ಈ ಕೋಣೆ ಬಿಟ್ಟು ಕದಲಿಲ್ಲ."

ಕಿಟಕಿಯ ಬಳಿ ಕೂತಿದ್ದ ತಂಗಿ ಸೊರಗಿ ಕಡ್ಡಿಯಾಗಿದ್ದಳು. "ಶ್! ಅಪ್ಪ ಬರೋ ಹೊತ್ತು."

ಗಡಿಯಾರ ನಾಲ್ಕು ಹೊಡೆಯಿತು. ಪಿಯಾನೋದ ನಾಲ್ಕು ಕೀಗಳು ತಾವಾಗಿಯೇ ಒಟ್ಟಿಗೆ ತಗ್ಗಿದವು. ಪಂಚಮದ ಮೇಲೆ ಕಟ್ಟಿದ ಸ್ವರಮೇಳ. ಷಡ್ಜಕ್ಕೆ, ಅಂದರೆ ಹಾಡು ಹೊರಟ ಮನೆಗೆ, ಹೋಗಲೇಬೇಕು ಎಂದು ಹಟ ಹಿಡಿಯುವಂಥದು. ಆದರೆ ಹೋಗಲಿಲ್ಲ. ಹೊಸ್ತಿಲಲ್ಲಿ ಒಂದು ಕಾಲೆತ್ತಿಕೊಂಡವರ ಹಾಗೆ ನಿಂತೇ ಇತ್ತು.

"ತಂತಿ ಕಿತ್ತು ಬಿಸಾಕಿ ಅತ್ಲಾಗೆ!" ಎಂದಳು ಅಕ್ಕ.

"ತಂತಿದೇನಮ್ಮಾ ತಪ್ಪು? ಮುಗಿಸೋಕೆ ಆಗದೆ ಒದ್ದಾಡ್ತಿದಾರೆ. ಕೊನೇ ಮೇಳ ನಾನು ನುಡಿಸಿದ್ರೆ ಹೊರಟುಹೋಗ್ತಾರೆ."

"ಮತ್ತೆ ಯಾಕೆ ಕೂತಿದೀರಿ, ನಾವು ಚಪ್ಪಾಳೆ ಹೊಡೀಲಿ ಅಂತಾನಾ?" ಎಂದು ಅಕ್ಕ ಸಿಡುಕಿದಳು.

ತಂಗಿ ಓಡಿಬಂದು ಅವನ ತೋಳು ಹಿಡಿದಳು. "ಬೇಡ ಅಣ್ಣಾ! ಮುಗಿಸಿದ್ರೆ ಅಪ್ಪ ನಾಳೆ ಬರಲ್ಲ. ಇಷ್ಟಾದ್ರೂ ಇರ್ಲಿ ನಂಗೆ."

ಅವನು ಕಣ್ಣು ಮುಚ್ಚಿ ಕೆಳಗಿನ ಸ್ಥಾಯಿಯಲ್ಲಿ ಸ, ಗ, ಪ ಒತ್ತಿಯೇಬಿಟ್ಟ. ಪಂಚಮದ ಮೇಳ ನಗುವ ಮನೆಗೂ ಹೋಗುತ್ತದೆ, ಅಳುವ ಮನೆಗೂ ಹೋಗುತ್ತದೆ. ಅದೊಂದನ್ನೇ ಕೇಳಿದರೆ ಎಂಥ ಕಿವಿಗೂ ದಾರಿ ತಿಳಿಯದು. ನಗುನಗುತ್ತಲೇ ಬದುಕಿದ ಅವನು ತನಗೆ ಒಗ್ಗಿದ ನಗುವ ಮನೆಯನ್ನೇ ಒತ್ತಿದ್ದ. ಕೋಣೆಯ ಗಾಳಿ ಮಂಜುಗಡ್ಡೆಯಾಯಿತು. ಕೀಗಳು ಒಳಗಿನಿಂದ ಯಾರೋ ನೂಕಿದಂತೆ ಅವನ ಬೆರಳನ್ನು ಮೇಲಕ್ಕೆಸೆದವು. ಅವನು ಮತ್ತೆ ಅದನ್ನೇ ಒತ್ತಿದ.

"ಅಲ್ಲ!"

ಇಪ್ಪತ್ತು ವರ್ಷ ಅಪ್ಪನ ಕೈಕೆಳಗೆ ಪಳಗಿದ ತಂಗಿಯ ಕೈ, ತಪ್ಪು ಸ್ವರ ಕೇಳಿದ ಮೇಲೆ ಯಾರನ್ನೂ ಕೇಳಲಿಲ್ಲ. ತಂಗಿ ಅವನ ನಡುಬೆರಳನ್ನು ಎಳೆದು ಎಡಪಕ್ಕದ ಕಪ್ಪು ಕೀ ಮೇಲೆ ಅದುಮಿದಳು. "ಗಾಂಧಾರ ತಗ್ಗಬೇಕು! ಅಪ್ಪ ಅವತ್ತು..."

ಅವಳ ಬೆರಳಿನಡಿಯಲ್ಲೇ ಅಳುವ ಮನೆ ತುಂಬಿ ನುಡಿಯಿತು.

ತಗ್ಗಿದ್ದ ನಾಲ್ಕು ಕೀಗಳು ಒಂದೊಂದಾಗಿ, ಮುದುಕರು ಬೆರಳೆತ್ತುವ ಹಾಗೆ, ಮೇಲೆದ್ದವು. ಮೆಟ್ಟಿಲಲ್ಲಿ ಹೆಜ್ಜೆಗಳು ಇಳಿದವು. ಕೆಳಗೆ ಬಾಗಿಲು ತೆರೆಯಿತು.

ತಂಗಿ ಬರಿಗಾಲಲ್ಲಿ ಬೀದಿಗೆ ಓಡಿದಳು. ಹಿಂದೆಯೇ ಅಕ್ಕ. ಚೀಲ ಹಿಡಿದವರು, ಸೈಕಲ್ಲಿನವರು ನಡುಬೀದಿಯಲ್ಲಿ ನಿಂತ ಅವರಿಬ್ಬರನ್ನು ಸುತ್ತು ಹಾಕಿ ಹೋಗುತ್ತಿದ್ದರು.

"ಯಾವ ಕಡೆ ಹೋದ್ರಕ್ಕಾ?"

ಅಕ್ಕ ಅವಳ ಕೈ ಹಿಡಿದು ಎರಡೂ ಕಡೆ ನೋಡಿದಳು.