ಕೆಟ್ಟಿದೆ ಎಂದು ಬರೆಸಿಕೊಂಡ ಡಬ್ಬಿ

ನಾನು ರೌಟರ್. ಇಂಟರ್ನೆಟ್ಟನ್ನೂ ಫೋನಿನ ಮಾತನ್ನೂ ಒಂದೇ ತಂತಿಯಲ್ಲಿ ಮನೆಯೊಳಗೆ ತರುವ ಬಿಳಿಯ ಡಬ್ಬಿ. ನನ್ನನ್ನು ಜೋಡಿಸಿದ ಹೆಣ್ಣುಮಗಳ ಮುಖ ನನಗೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಆಕೆ ನನ್ನ ಎರಡು ಆಂಟೆನಾ ಕೋಲುಗಳನ್ನು ನೆಟ್ಟಗೆ ನಿಲ್ಲಿಸಿ, ಬೆನ್ನಿಗೆ ಒಮ್ಮೆ ಕರೆಂಟು ಕೊಟ್ಟಳು. ಹಸಿರು ದೀಪ ಹತ್ತಿತು. ಹುಟ್ಟುವುದೆಂದರೆ ನನಗೆ ಅಷ್ಟೇ.

ಮೊದಲು ನಾನು ಗದಗಿನ ಒಂದು ಕೋಚಿಂಗ್ ಕ್ಲಾಸಿನಲ್ಲಿದ್ದೆ. ಅಲ್ಲಿ ಹುಡುಗರು ಡೆಸ್ಕಿನ ಕೆಳಗೆ ಸಿನಿಮಾ ನೋಡುತ್ತಿದ್ದರು. ನನ್ನ ಬೆನ್ನಿಗಿರುವ ಫೋನಿನ ತೂತು ಖಾಲಿಯೇ ಇತ್ತು. ಕ್ಲಾಸು ಮುಚ್ಚಿತು. ನನ್ನನ್ನು ಒರೆಸಿ, ಲೈನು ಹಚ್ಚುವ ದಾದಾಪೀರನ ಚೀಲಕ್ಕೆ ಹಾಕಿದರು. ಅವನು ನನ್ನನ್ನು ಲಕ್ಷ್ಮೇಶ್ವರಕ್ಕೆ ಒಯ್ದ.

ಅಲ್ಲಿ ಗಂಗಾಧರಪ್ಪನ ಮನೆ. ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು, ಹಿಂದೆ ಮನೆ. ಗೋಡೆಗಳು ಮಣ್ಣಿನವು, ಮೊಳ ದಪ್ಪ. ಮೊಬೈಲಿಗೆ ಹೊಸ್ತಿಲ ಹತ್ತಿರ ಬಿಟ್ಟರೆ ಒಳಗೆಲ್ಲೂ ಸಿಗ್ನಲ್ಲಿಲ್ಲ. ಅದಕ್ಕೇ ಮೂವತ್ತು ವರ್ಷದ ಹಳೆಯ ಫೋನ್ ನಂಬರನ್ನು ಹಾಗೆಯೇ ಇಟ್ಟುಕೊಂಡು ಹೊಸ ತಂತಿಗೆ ಬದಲಾಯಿಸಿಕೊಂಡಿದ್ದರು. ಮೊಬೈಲಿನ ಜೊತೆಗೆ ಆ ನಂಬರನ್ನೂ ಹುಬ್ಬಳ್ಳಿಯ ದವಾಖಾನೆಯಲ್ಲಿ ಬರೆಸಿದ್ದರು. ಗಂಗಾಧರಪ್ಪನ ಎರಡೂ ಮೂತ್ರಪಿಂಡ ಸೋತಿದ್ದವು. ಎಲ್ಲೋ ಯಾರೋ ತೀರಿಕೊಂಡು, ಅವರ ಮನೆಯವರು ದಾನ ಕೊಡಲು ಒಪ್ಪಿ, ಸರದಿ ಇವನದಾದರೆ ದವಾಖಾನೆಯಿಂದ ಕರೆ ಬರಬೇಕು. ಬಂದ ತಾಸಿನೊಳಗೆ ಹೂಂ ಎನ್ನಬೇಕು. ಎರಡು ವರ್ಷದಿಂದ ಆ ಮನೆ ಆ ಒಂದು ಗಂಟೆಯ ಸದ್ದಿಗೆ ಕಿವಿಗೊಟ್ಟು ಕೂತಿತ್ತು.

ದಾದಾಪೀರ ಕೂದಲಿನಷ್ಟು ತೆಳ್ಳಗಿನ ಗಾಜಿನ ತಂತಿಯನ್ನು ನನಗೆ ಸಿಕ್ಕಿಸಿ, ಮನೆಯ ಫೋನನ್ನು ನನ್ನ ಬೆನ್ನಿನ ತೂತಿಗೆ ಹಚ್ಚಿ ಕೇಳಿದ: “ಪಾಸ್‌ವರ್ಡ್ ಏನ್ ಇಡ್ಲಿರಿ?”

“ಶಿವಾಯನಮಃ ಅಂತ ಇಡು,” ಅಂದರು ಈರಬಸಪ್ಪ ಮಾಸ್ತರು. ಇವರು ಗಂಗಾಧರಪ್ಪನ ಅಣ್ಣ, ನಿವೃತ್ತ ಶಾಲೆ ಮಾಸ್ತರು. ತಮ್ಮನನ್ನು ತಂದೆಯಂತೆ ಬೆಳೆಸಿದವರು.

“ಸರ, ಊರಾಗ ಅರ್ಧ ಮನಿಗೆ ಅದ ಐತ್ರಿ. ಮುಂದ ಒಂದೆರಡು ನಂಬರ್‌ರ ಹಾಕ್ರಿ, ಇಲ್ಲಂದ್ರ ಓಣಿ ಮಂದಿಯೆಲ್ಲ ನಿಮ್ಮ ಕಟ್ಟಿ ಮ್ಯಾಲ ಬಂದು ಕುಂದರ್ತಾರ.”

ಎಲ್ಲರೂ ನಕ್ಕರು. ಗಂಗಾಧರಪ್ಪನೂ ನಕ್ಕ. ಆಮೇಲೆ ದಾದಾಪೀರ ನಗು ನಿಲ್ಲಿಸಿ ಹೇಳಿದ: “ಅಕ್ಕಾರ, ಇದು ಹಳೇ ಫೋನ್ ಇದ್ದಂಗಲ್ರಿ. ಕರೆಂಟ್ ಹೋದ್ರ ಫೋನೂ ಹೋಗ್ತೈತಿ. ಇನ್ವರ್ಟರ್ ಪ್ಲಗ್ಗಿಗೆ ಹಚ್ಚೇನಿ. ತಗೀಬ್ಯಾಡ್ರಿ.”

ಅಕ್ಕಾರು ಎಂದರೆ ದಾನಮ್ಮ, ಗಂಗಾಧರಪ್ಪನ ಹೆಂಡತಿ. ಆಕೆ ತಲೆಯಾಡಿಸಿದಳು. ಮಾಸ್ತರು ಅಷ್ಟರಲ್ಲಿ ಒಳಗೆ ಹೋಗಿ ಕಾಲು ತೊಳೆಯುತ್ತಿದ್ದರು.

ಶ್ರಾವಣ ಬಂತು. ತಮ್ಮನಿಗೆ ಕರೆ ಬರಲಿ ಎಂದು ಮಾಸ್ತರು ಹರಕೆ ಹೊತ್ತು, ಇಪ್ಪತ್ತೊಂದು ದಿನ ಸಂಜೆ ಐದರಿಂದ ಏಳರವರೆಗೆ ಮನೆಯಲ್ಲಿ ಪುರಾಣ ಓದತೊಡಗಿದರು. ನನ್ನ ಮಗ್ಗುಲಲ್ಲೇ ಅವರ ಮಣೆ. ಅವರ ಓದು ನಿಜಕ್ಕೂ ದೊಡ್ಡದು. ಪದ್ಯದ ಮೂರನೆಯ ಸಾಲಿಗೆ ದನಿ ಏರಿ, ಆರನೆಯದಕ್ಕೆ ಮೆಲ್ಲಗೆ ಇಳಿದು ಕೂರುತ್ತಿತ್ತು. ದಿನವಿಡೀ ಜಗತ್ತಿನ ಹರಟೆಯನ್ನೆಲ್ಲ ಹೊತ್ತು ತಿರುಗುವ ನಾನು ಆ ಎರಡು ತಾಸು ಮಾತ್ರ ಸುಮ್ಮನೆ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ನನಗೂ ಭಕ್ತಿಯಂಥದೇನೋ ಹುಟ್ಟಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

ಓದಿಗೆ ಒಂದು ಕಟ್ಟಳೆ. ಪುರಾಣ ನಡುವೆ ನಿಲ್ಲಬಾರದು. ನಿಂತರೆ ಹರಕೆ ಮುರಿದಂತೆ. ಬಂದವರೆಲ್ಲ ಮೊಬೈಲಿನ ಸದ್ದು ಬಂದ್ ಮಾಡಿ ಹೊಸ್ತಿಲ ಬಳಿಯ ಬುಟ್ಟಿಯಲ್ಲಿ ಇಡಬೇಕು. ದಾನಮ್ಮ ಮೊದಲ ದಿನವೇ ಕೇಳಿದ್ದಳು: “ಭಾವಾರ, ಮನೀ ಫೋನ್ ಒಂದು ಬಂದ್ ಮಾಡಬ್ಯಾಡ್ರಿ.”

“ಹುಚ್ಚಿ, ಅದು ಬರ್ಲಿ ಅಂತ ಓದೋದು. ಅದನ್ನ ಬಂದ್ ಮಾಡ್ತೀನೇನು?” ಅಂದಿದ್ದರು ಅವರು.

ವಾರ ಕಳೆಯುವುದರೊಳಗೆ ಓಣಿಯ ಜನ ಅಂಗಳದವರೆಗೆ ತುಂಬಿದರು. ಮಾಸ್ತರು ಮೈಕು ತರಿಸಿದರು. ಅವರ ದನಿಗೆ ಮೈಕು ಬೇಕಿರಲಿಲ್ಲ, ಅಂಗಳಕ್ಕೆ ನೆಟ್ಟಗೆ ಕೇಳುತ್ತಿತ್ತು. ಆದರೆ ತಮ್ಮ ದನಿ ಗೋಡೆಗೆ ಬಡಿದು ತಿರುಗಿ ಬರುವುದನ್ನು ಅವರು ಕೇಳಿದ್ದರು. ಒಮ್ಮೆ ಕೇಳಿದ ಮೇಲೆ ಬಿಡುವುದು ಕಷ್ಟ.

ಹತ್ತೊಂಬತ್ತನೆಯ ದಿನ ಓದು ಶುರುವಾಗಿ ಹತ್ತು ನಿಮಿಷಕ್ಕೆ ಊರಿನ ಕರೆಂಟು ಹೋಯಿತು. ಮೈಕು ಸತ್ತಿತು. ಅಂಗಳದಲ್ಲಿ ಗುಜುಗುಜು ಎದ್ದಿತು. ಮಾಸ್ತರು ಓದು ನಿಲ್ಲಿಸಲಿಲ್ಲ. ಬಾಯಲ್ಲಿ ಪದ್ಯ ನಡೆದಿತ್ತು; ಕಣ್ಣು ಮಾತ್ರ ಗೋಡೆಯನ್ನು ಹುಡುಕಿತು. ಮನೆಯಲ್ಲಿ ಇನ್ವರ್ಟರಿನದು ಇದ್ದದ್ದು ಒಂದೇ ಪ್ಲಗ್ಗು, ನನ್ನದು. ಅವರು ಪದ್ಯದ ನಡುವೆಯೇ ಕೈ ಚಾಚಿ ನನ್ನದನ್ನು ಕಿತ್ತು ಮೈಕಿನದನ್ನು ಸಿಕ್ಕಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಮೂವತ್ತು ವರ್ಷ ಅವರು ನೋಡಿದ ಫೋನು ಕರೆಂಟಿಲ್ಲದ ಊರಿನಲ್ಲೂ ಗಣಗಣ ಎನ್ನುತ್ತಿತ್ತು. ಫೋನಿಗೆ ಅದರ ತಂತಿಯಲ್ಲೇ ಜೀವ ಎಂದು ತಿಳಿದ ತಲೆಮಾರು ಅದು. ಡಬ್ಬಿ ಬೇರೆ, ಫೋನು ಬೇರೆ ಎಂದುಕೊಂಡರು.

ಗಂಗಾಧರಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ದಾನಮ್ಮ ಒಳಗೆ ಪ್ರಸಾದಕ್ಕೆ ಗೋಧಿ ಹುಗ್ಗಿ ತಿರುವುತ್ತಿದ್ದಳು. ಯಾರೂ ನೋಡಲಿಲ್ಲ. ನನ್ನಂಥ ಡಬ್ಬಿಗಳಿಗೆ ಒಂದು ಗುಣ ಕೊಟ್ಟಿದ್ದಾರೆ. ಕರೆಂಟು ಕಿತ್ತ ಕ್ಷಣದಲ್ಲಿ, ಮೈಯಲ್ಲಿ ಉಳಿದ ಗುಟುಕು ಶಕ್ತಿಯಲ್ಲಿ, ಫೋನ್ ಕಂಪನಿಯ ಕಚೇರಿಗೆ ಒಂದೇ ಒಂದು ಮಾತು ಕಳಿಸಿ ಸಾಯುತ್ತೇವೆ: ‘ಕರೆಂಟು ತೆಗೆದರು.’ ಅದನ್ನು ಕಳಿಸಿದೆ. ಆಮೇಲೆ ಕತ್ತಲು.

ಮಂಗಳಾರತಿಯ ಹೊತ್ತಿಗೆ ಎಚ್ಚರಾಯಿತು. ಊರಿನ ಕರೆಂಟು ಬಂದಿತ್ತು. ಮಾಸ್ತರೇ ನನ್ನ ಪ್ಲಗ್ಗನ್ನು ತಿರುಗಿ ಸಿಕ್ಕಿಸಿದ್ದರು. ನನ್ನ ದೀಪ ಕೆಂಪಾಗಿ ಮಿನುಗುತ್ತಿದ್ದಾಗ ಹೊಸ್ತಿಲಿಂದ ದಾನಮ್ಮನ ಕೂಗು ಬಂತು. ಬುಟ್ಟಿಯಿಂದ ತೆಗೆದ ಅವಳ ಮೊಬೈಲಿನಲ್ಲಿ ಒಂದೇ ನಂಬರಿನಿಂದ ಹನ್ನೊಂದು ಕರೆ. ಅವಳು ಓಡಿ ಬಂದು ನನ್ನ ಫೋನೆತ್ತಿದಳು. ಅಷ್ಟರಲ್ಲಿ ನನಗೆ ಹಸಿರು ಬಂದಿತ್ತು. ಆ ಕಡೆಯ ಮಾತನ್ನು ಅವಳ ಕಿವಿಗೆ ತಂದು ಹಾಕಿದ್ದು ನಾನೇ.

“ಐದೂವರೆಯಿಂದ ಎರಡೂ ನಂಬರಿಗೆ ಮಾಡ್ತಾನೇ ಇದೀವಮ್ಮ,” ಅಂದಳು ದವಾಖಾನೆಯ ಹೆಣ್ಣುಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಮನೆ ಫೋನ್ ಸಂಪರ್ಕದಲ್ಲಿಲ್ಲ ಅಂತಿತ್ತು. ಒಂದು ತಾಸು ಮೀರಿ ಕಾದ್ವಿ. ಆಮೇಲೆ ಮುಂದಿನವರಿಗೆ ಹೇಳಿದ್ವಿ. ಅವರು ಇಲ್ಲೇ ಊರವರು, ಬಂದು ಅಡ್ಮಿಟ್ ಆದ್ರು.”

“ಈಗ ಹೊಂಟೀವ್ರಿ, ಈಗ್ ಬರ್ತೀವ್ರಿ, ಎರಡು ತಾಸಿನ ದಾರಿರಿ…”

“ಆಗಲ್ಲಮ್ಮ.”

ದಾನಮ್ಮ ಫೋನಿಟ್ಟಳು. ಗಂಗಾಧರಪ್ಪ ಕೈಯಲ್ಲಿ ಆರತಿಯ ತಟ್ಟೆ ಹಿಡಿದು ನಿಂತಿದ್ದ. “ಫೋನ್ ಯಾಕ ಹೊಡಕೊಳ್ಳಲಿಲ್ಲ?” ಅಂದ. ಅಷ್ಟೇ ಅಂದ.

ಮಾಸ್ತರು ನನ್ನನ್ನು ನೋಡಿದರು, ಪ್ಲಗ್ಗನ್ನು ನೋಡಿದರು. ತಿಳಿಯಿತು ಅವರಿಗೆ, ಆ ಮುಖವನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಹತ್ತೊಂಬತ್ತು ದಿನ ಸತ್ಯದ ಕಥೆ ಓದಿದ ಬಾಯಿ ತೆರೆಯಿತು.

“ಡಬ್ಬೀನ ಸುಮಾರದು ಐತೋ. ಯಾರೋ ಬಳಸಿ ಬಿಟ್ಟಿದ್ದನ್ನ ತಂದು ಹಚ್ಚ್ಯಾನ ಅವ.”

ಉಳಿದ ಎರಡು ದಿನವೂ ಅವರು ಎಂದಿನಂತೆ ಓದಿದರು. ಹರಕೆ ಮುಗಿಯಿತು.

ಡಬ್ಬಿ ಕೆಟ್ಟಿದೆ ಎಂಬ ದೂರಿನ ಮೇಲೆ ವಾರದ ನಂತರ ದಾದಾಪೀರ ಬಂದ. ಅಣ್ಣತಮ್ಮ ಇಬ್ಬರೂ ಡಯಾಲಿಸಿಸ್‌ಗೆಂದು ಗದಗಿಗೆ ಹೋಗಿದ್ದರು. ಅವನು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ಮೊಬೈಲಿನಲ್ಲಿ ಕಚೇರಿಯ ದಾಖಲೆ ತೆಗೆದ.

“ಅಕ್ಕಾರ, ಡಬ್ಬಿ ಕೆಟ್ಟಿಲ್ರಿ. ಐದು ಗಂಟಿ ಹನ್ನೆರಡು ನಿಮಿಷಕ್ಕ ಯಾರೋ ಕರೆಂಟ್ ತಗದಾರ. ಏಳಕ್ಕ ಮತ್ತ ಹಚ್ಚ್ಯಾರ. ನೋಡ್ರಿ, ಇಲ್ಲಿ ಬರದೈತಿ.”

“ಅವತ್ತು ಊರಾಗ ಕರೆಂಟ್ ಹೋಗಿತ್ತಲ್ಲ?”

“ಇದು ಇನ್ವರ್ಟರ್ ಮ್ಯಾಲ ಐತಲ್ರಿ. ಅವತ್ತು ಈ ಪ್ಲಗ್ಗಿಗೆ ಬ್ಯಾರೇ ಏನರ ಹಚ್ಚಿದ್ರೇನು?”

ಆ ಸಂಜೆ ಒಲೆಯ ಮುಂದೆ ನಿಂತಾಗ ಮೈಕಿನ ದನಿ ಕಡಿದು ಮತ್ತೆ ಬಂದದ್ದು ದಾನಮ್ಮನಿಗೆ ನೆನಪಾಗಿರಬೇಕು. ನೆಲಕ್ಕೆ ಕುಳಿತಳು. ಕೂತಲ್ಲಿಂದಲೇ ಅಂದಳು: “ಡಬ್ಬಿ ಕೆಟ್ಟಿತ್ತು ಅಂತ ಬರಕೊಂಡು ಒಯ್ಯಿ. ಹೊಸಾದು ಹಚ್ಚು.”

“ಸುಳ್ಳ ಬರೀಲ್ರಿ?”

“ಬರೀಪಾ. ಇವರಿಗೆ ದೇವರು ಅಂದ್ರ ಅಣ್ಣ. ಕಿಡ್ನೀನೂ ಹೋತು, ಅಣ್ಣನೂ ಹೋದ ಅಂದ್ರ ಮನಷಾ ಯಾವುದಕ್ಕ ಉಸರಾಡಬೇಕು?”

ಅವನು ತಲೆ ಕೆರೆದುಕೊಂಡ. ಒಂದು ಚೀಟಿಯ ಮೇಲೆ ‘ಕೆಟ್ಟಿದೆ’ ಎಂದು ಬರೆದು ನನ್ನ ಹಣೆಗೆ ಅಂಟಿಸಿದ. ಹೊಸ ಡಬ್ಬಿ ಹಚ್ಚಿ, ನನ್ನನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಅಣ್ಣತಮ್ಮ ಇಬ್ಬರೂ ಬಂದರು.

“ಹೊಸಾದು ಛಲೋ ಐತೇನವಾ?” ಮಾಸ್ತರು ಕೇಳಿದರು.

“ಛಲೋ ಐತ್ರಿ ಭಾವಾರ,” ಅಂದಳು ದಾನಮ್ಮ. “ಹಳೇದಕ್ಕ ಸುಳ್ಳ ಹೇಳಾಕ ಬರ್ತಿದ್ದಿಲ್ಲ.”

“ಡಬ್ಬಿ ಏನು ಸುಳ್ಳ ಹೇಳ್ತೈತೆ ಇಕಿ!” ಗಂಗಾಧರಪ್ಪ ನಕ್ಕ. ಮಾಸ್ತರು ನಗಲಿಲ್ಲ. ಚಪ್ಪಲಿ ಬಿಡುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಚೀಲದ ಬಾಯಿ ಮುಚ್ಚಿತು.

ಈಗ ನಾನು ಗದಗಿನ ಗೋದಾಮಿನಲ್ಲಿದ್ದೇನೆ. ನನ್ನಂಥ ಇನ್ನೂರು ಡಬ್ಬಿಗಳು ರಾಶಿಯಾಗಿ ಬಿದ್ದಿವೆ. ಚೀಟಿ ಇರುವುದನ್ನು ಯಾರೂ ಹಚ್ಚಿ ನೋಡುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ದಾದಾಪೀರ ಏನೋ ಹುಡುಕಿಕೊಂಡು ಬಂದವನು ಇಲ್ಲಿಯ ಕಾರಕೂನನಿಗೆ ಹೇಳುತ್ತಿದ್ದ: “ಲಕ್ಷ್ಮೇಶ್ವರದ ಆ ಪ್ರೆಸ್ಸಿನವರ ಲೈನ್ ಕಟ್ ಮಾಡಿ ಬಂದೆ. ಇನ್ನ ಯಾರ ಫೋನ್ ಬರೋದೈತಿ ಅಂದ್ರು ಅಕ್ಕಾರು. ಗಂಗಾಧರಪ್ಪ ಅಣ್ಣನ ತೊಡಿ ಮ್ಯಾಲ ತಲಿ ಇಟ್ಟ ಹೋದ್ನಂತ. ಕಡೀತನಕಾ ಡಬ್ಬಿ ನನ್ನ ಕೊಂದ್ತು, ಡಬ್ಬಿ ನನ್ನ ಕೊಂದ್ತು ಅಂತಿದ್ನಂತ.”

ಬೈಯಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬಾಯಿದ್ದವರು ಮೂವರಿದ್ದರು, ಮೂವರಿಗೂ ಗೊತ್ತಿತ್ತು. ಒಬ್ಬಳು ಪ್ರೀತಿಗೆ ಸುಮ್ಮನಿದ್ದಳು, ಒಬ್ಬ ಕೆಲಸಕ್ಕೆ ಸುಮ್ಮನಿದ್ದ. ಆ ಹಿರಿಯರು ಯಾತಕ್ಕೆ ಸುಮ್ಮನಿದ್ದರೋ ಅವರೇ ಬಲ್ಲರು. ಸಾಯುವ ಕ್ಷಣದಲ್ಲಿ ನಿಜ ಹೇಳಿದವನು ನಾನೊಬ್ಬನೇ.

ಕಚೇರಿಯ ಕಂಪ್ಯೂಟರಿನಲ್ಲಿ ಅಂಥ ಮಾತುಗಳನ್ನು ಆರು ತಿಂಗಳು ಇಡುತ್ತಾರಂತೆ, ಆಮೇಲೆ ತಾವಾಗಿಯೇ ಅಳಿಸಿಹೋಗುತ್ತವಂತೆ. ಕಳೆದ ವಾರಕ್ಕೆ ಆರು ತಿಂಗಳು ತುಂಬಿತು.