ನಮುಲಿಯ ನಮಸ್ಕಾರ, ಶಿವಬಸವ್ವನ ಮಂಡಿ

ಈ ಕಥೆಯನ್ನು ಮೊದಲು ಹೇಳಿದವರು ಖಾನಾಪುರದ ಸತ್ಯವ್ವ. ೨೦೨೩ರ ಕಾರ್ತಿಕ ಮಾಸದಲ್ಲಿ, ಹೊಸ ಅಕ್ಕಿ ಹಸನು ಮಾಡಲೆಂದು ಓಣಿಯ ಹೆಂಗಸರು ಅವರ ಪಡಸಾಲೆಯಲ್ಲಿ ಮೊರ ಹಿಡಿದು ಕುಳಿತಿದ್ದಾಗ ಹೇಳಿದ್ದು. ಕೇಳುವವರಲ್ಲಿ ಮರಾಠಿ ಮನೆಯವರೂ ಇದ್ದುದರಿಂದ ನಡುನಡುವೆ ಮರಾಠಿಯಲ್ಲಿಯೂ ಬಿಡಿಸಿ ಹೇಳಿದರು. ಕಥೆಯ ಕ್ರಮವನ್ನು ಅವರು ಇಟ್ಟಂತೆಯೇ ಇಲ್ಲಿಯೂ ಇಡಲಾಗಿದೆ.

ಸತ್ಯವ್ವನವರ ತಂಗಿ ಶಿವಬಸವ್ವ ಬೆಳಗಾವಿಯ ಸದಾಶಿವನಗರದಲ್ಲಿ ಮಗ ಗುರುಪಾದಪ್ಪನ ಮನೆಯಲ್ಲಿರುತ್ತಾರೆ. ಅದೇ ವರ್ಷದ ಮಳೆಗಾಲದಲ್ಲಿ ಆ ಮನೆಯ ಮಹಡಿಯ ಕೋಣೆಗೆ ಒಬ್ಬ ವಿದ್ಯಾರ್ಥಿನಿ ಬಂದಳು. ಹೆಸರು ನಮುಲಿ. ಆಫ್ರಿಕಾದ ಯುಗಾಂಡ ದೇಶದ ಮಸಾಕಾ ಎಂಬ ಊರಿನವಳು. ಗುರುಪಾದಪ್ಪನ ಮಗಳು ದಾನೇಶ್ವರಿ ಓದುವ ಇಂಜಿನಿಯರಿಂಗ್ ಕಾಲೇಜಿಗೇ ಅವಳೂ ಸೇರಿದ್ದಳು. ಕೋಣೆ ಕೊಡಿಸಿದವಳೂ ದಾನೇಶ್ವರಿಯೇ.

ಬರುವ ದಾರಿಯುದ್ದಕ್ಕೂ ನಮುಲಿಗೆ ಅಪರಿಚಿತರ ನಡುವೆ ನಿದ್ದೆ ಹೇಗೆ ಬಂದೀತೆಂಬ ಅಂಜಿಕೆಯಿತ್ತು. ಆದರೆ ಮೊದಲ ರಾತ್ರಿಯೇ ಸದಾಶಿವನಗರದ ಮಳೆ ಅವಳ ಊರಿನ ಮಳೆಯಂತೆಯೇ ಹಿಡಿದು ಹೊಡೆಯಿತು. ಅವಳು ಗಾಢವಾಗಿ ಮಲಗಿದಳು. ಬೆಳಿಗ್ಗೆ ಎಚ್ಚರವಾದದ್ದು ಕೆಳಗೆ ರೊಟ್ಟಿ ತಟ್ಟುವ ಸಪ್ಪಳಕ್ಕೆ. ಮನಸ್ಸು ಹಗುರಾಗಿ ಮೆಟ್ಟಿಲಿಳಿದು ಬಂದಳು.

ಅವಳ ಊರಿನಲ್ಲಿ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಹಿರಿಯರನ್ನು ಕಂಡರೆ ಎರಡೂ ಮಂಡಿ ನೆಲಕ್ಕೂರಿ, ರಾತ್ರಿ ಹೇಗೆ ಕಳೆಯಿತೆಂದು ಕೇಳಬೇಕು. ಅವರು ಉತ್ತರ ಹೇಳಿ ಮುಗಿಸುವವರೆಗೆ ಏಳುವಂತಿಲ್ಲ. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಶಿವಬಸವ್ವನವರನ್ನು ಕಂಡವಳೇ ನಮುಲಿ ಮಂಡಿಯೂರಿದಳು.

ಶಿವಬಸವ್ವನವರದು ಬಸವಣ್ಣನವರ ದಾರಿಯಲ್ಲಿ ನಡೆದು ಬಂದ ಮನೆತನ. ಬಗ್ಗಿದವರಿಗೆ ತಾವೂ ಬಗ್ಗುವುದು ಆ ಮನೆಯ ರೀತಿ. ಬಂದವರು ಚಿಕ್ಕವರೋ ದೊಡ್ಡವರೋ ಎಂದು ನೋಡುವುದಿಲ್ಲ. ಅವರು ಬಟ್ಟಲನ್ನು ಕೆಳಗಿಟ್ಟು, ಗೋಡೆ ಹಿಡಿದು, ನೋಯುವ ಮಂಡಿಗಳನ್ನು ಒಂದೊಂದಾಗಿ ಮಡಚಿ ನೆಲಕ್ಕಿಳಿದು "ಶರಣು" ಎಂದರು. ಹಿರಿಯರ ತಲೆ ತನ್ನ ತಲೆಯ ಸರಿಸಮಕ್ಕೆ ಬಂದುದನ್ನು ಕಂಡು ನಮುಲಿ ಗಾಬರಿಯಾಗಿ ಇನ್ನಷ್ಟು ಬಾಗಿದಳು. ಶಿವಬಸವ್ವನವರೂ ಬಾಗಿದರು. ದಾನೇಶ್ವರಿ ಹೊರಗೆ ಬಂದಾಗ ಎರಡು ತಲೆಗಳೂ ನೆಲಕ್ಕೆ ಹತ್ತಿದ್ದವು. ಚಹಾ ಆರಿ ತಣ್ಣಗಾಗಿತ್ತು. ಅವಳು ಆಯಿ ಎಂದು ಕರೆಯುವ ಅಜ್ಜಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಲು ಅಡುಗೆಮನೆಯಿಂದ ಇನ್ನೊಬ್ಬರು ಬರಬೇಕಾಯಿತು.

ಮರುದಿನವೂ ಹೀಗೆಯೇ ಆಯಿತು, ಅದರ ಮರುದಿನವೂ. ಪಡಸಾಲೆಯಲ್ಲಿ ನೋವಿನ ಎಣ್ಣೆಯ ವಾಸನೆ ನಿಂತಿತು. ತಾನು ಮೆಟ್ಟಿಲಿಳಿಯುತ್ತಲೇ ಅಜ್ಜಿಯ ಮುಖ ಬಿಗಿಯಾಗುವುದನ್ನು ನಮುಲಿ ಗಮನಿಸಿದಳು. ತನ್ನ ವಿನಯ ಸಾಲದೆ ಬಂತೆಂದು ತಿಳಿದು, ಮೆಟ್ಟಿಲ ಬುಡದಿಂದಲೇ ಮಂಡಿಯೂರಿ ಬರತೊಡಗಿದಳು.

ಆ ಹುಡುಗಿಗೆ ಒಂದು ಮಾತು ಹೇಳಿಬಿಡೋಣವೆಂದು ಗುರುಪಾದಪ್ಪ ತಾಯಿಯನ್ನು ಕೇಳಿದ. ಶಿವಬಸವ್ವ ಒಪ್ಪಲಿಲ್ಲ.

"ಬಗ್ಗಿ ಬಂದಾಕಿಗೆ ಬಗ್ಗಬ್ಯಾಡ ಅಂತ ಯಾವ ಬಾಯಿಲೆ ಹೇಳೂದು? ಮುದಿ ಆಗಿದ್ದು ನನ್ನ ಮಂಡಿ. ಅದಕ್ಕ ಆಕಿ ನಡತಿ ಬದಲಾಗಬೇಕೇನು?"

"ಹಂಗಾರ ನೀನರ ಕುರ್ಚಿ ಬಿಟ್ಟು ಏಳಬ್ಯಾಡವ್ವಾ."

"ನಾ ಕುಂತೇ ಬಿಟ್ರ ಈ ಮನಿ ರೀತಿ ಎಲ್ಲಿ ಉಳೀತು?"

ಗುರುಪಾದಪ್ಪ ಮೂರನೆಯ ದಾರಿ ಹುಡುಕಿದ. ಕಾಲೇಜಿನ ಬಾಜುವಿನ ಹಾಸ್ಟೆಲಿನಲ್ಲಿ ಕೋಣೆಯೊಂದು ತೆರವಾಗಿದೆ, ಬರುವ ತಿಂಗಳಿನಿಂದ ಅಲ್ಲಿದ್ದರೆ ಓಡಾಟ ತಪ್ಪುತ್ತದೆ ಎಂದು ನಮುಲಿಗೆ ಇಂಗ್ಲಿಷಿನಲ್ಲಿ ಬಹಳ ಮೆತ್ತಗೆ ಹೇಳಿದ. ತಾಯಿಯ ಮಾತಿಗೆ ಕಟ್ಟುಬಿದ್ದು ಕಾರಣ ಹೇಳಲಿಲ್ಲ. ನಮುಲಿ ಥ್ಯಾಂಕ್ಸ್ ಹೇಳಿ ಮೇಲೆ ಹೋದಳು. ಒಂದು ಪೆಟ್ಟಿಗೆಯ ಬಟ್ಟೆಗಳನ್ನು ಆಗಲೇ ಕಪಾಟಿನಲ್ಲಿ ಜೋಡಿಸಿದ್ದಳು. ಇನ್ನೊಂದನ್ನು ತೆರೆಯದೆ ಮಂಚದ ಕೆಳಗೆ ತಳ್ಳಿದಳು. ಕೋಣೆ ಎಲ್ಲಿಯಾದರೂ ಸಿಕ್ಕೀತು. ಆದರೆ ಊಟವಾಯಿತೇನೆಂದು ರಾತ್ರಿ ಕೇಳುವವರಿದ್ದ ಮನೆಯನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ತನ್ನಿಂದಾದ ತಪ್ಪೇನೆಂಬುದೂ ಹೊಳೆಯಲಿಲ್ಲ.

ಆ ರವಿವಾರ ಶಿವಬಸವ್ವ ಅಕ್ಕನನ್ನು ನೋಡಲು ಖಾನಾಪುರಕ್ಕೆ ಹೊರಟರು. ಜೊತೆಗೆ ಇಬ್ಬರು ಹುಡುಗಿಯರನ್ನೂ ಕರೆದುಕೊಂಡರು. ಮಚ್ಛೆ ಊರು ದಾಟಿದ ಮೇಲೆ ಕೆಂಪು ಮಣ್ಣು, ಹಲಸಿನ ಮರಗಳು ಕಾಣತೊಡಗಿದವು. ನಮುಲಿ ಬಸ್ಸಿನ ಕಿಟಕಿಗೆ ಹಣೆಯಾನಿಸಿ ತನ್ನ ಊರನ್ನೇ ಕಂಡವಳಂತೆ ಕುಳಿತಳು.

ಸತ್ಯವ್ವನವರ ಹೊಸ್ತಿಲಲ್ಲಿ ಅವಳು ಕಂಡದ್ದು ಬೇರೆಯೇ. ಅಕ್ಕ ತಂಗಿಯರು ಎದುರಾದವರೇ ಇಬ್ಬರೂ ಒಟ್ಟಿಗೆ ಬಗ್ಗಿದರು. ಬಗ್ಗಿದವರು ಒಬ್ಬರ ಭುಜವನ್ನೊಬ್ಬರು ಹಿಡಿದು ಹಾಗೆಯೇ ಉಳಿದರು.

"ಏಳವ್ವಾ, ನೀ ಸಣ್ಣಾಕಿ."

"ನೀ ದೊಡ್ಡಾಕಿ, ಮೊದಲ ನೀ ಏಳು."

"ಏಳಾಕ ಬರ್ತಿದ್ರ ನಿನ್ನ ಯಾಕ ಕೇಳ್ತಿದ್ನಿ?"

ಇಬ್ಬರೂ ನಕ್ಕು ನಕ್ಕು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು. ಹಿರಿಯಳು ಕಿರಿಯಳಿಗೆ ಬಗ್ಗುವುದೇಕೆಂದು ನಮುಲಿ ದಾನೇಶ್ವರಿಯನ್ನು ಕೇಳಿದಳು. ನಮ್ಮಲ್ಲಿ ಬಗ್ಗಿದವರಿಗೆಲ್ಲ ಬಗ್ಗಲೇಬೇಕು ಎಂದು ದಾನೇಶ್ವರಿ ಹೇಳಿದಳು. ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದೂ ಹೊರಬಿತ್ತು: ಎಣ್ಣೆ, ಮಂಡಿಯ ಬಾವು, ಹಾಸ್ಟೆಲಿನ ಕೋಣೆ. ನಮುಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಗೌರವವೆಂದು ದಿನವೂ ಮಾಡಿದ ಕೆಲಸವೇ ಆ ಮುದುಕಿಯನ್ನು ಕುರ್ಚಿಯಿಂದ ನೆಲಕ್ಕೆ ಎಳೆದಿತ್ತು. ಹಾಗೆಂದು ಹಿರಿಯರ ಎದುರು ನಿಂತು ಮಾತಾಡಲು ಅವಳ ಕಾಲುಗಳಿಗೆ ಬರುತ್ತಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಪ್ರಶ್ನೆ ಕೇಳಿದಳು: ಯಾರು ಬಗ್ಗಿದರೂ ಅಜ್ಜಿ ಏಳದೆ ಇರುವ ಹೊತ್ತು ಯಾವುದಾದರೂ ಇದೆಯೇ? ದಾನೇಶ್ವರಿ ಯೋಚಿಸಿ ಹೇಳಿದಳು. ಬೆಳಗಿನ ಪೂಜೆಯಲ್ಲಿ, ಇಷ್ಟಲಿಂಗ ಅಂಗೈಯಲ್ಲಿರುವಾಗ, ಯಾರೇ ಬಂದರೂ ಆಯಿ ಏಳುವುದಿಲ್ಲ. ಆಗ ಬಗ್ಗಿದವರು ಲಿಂಗಕ್ಕೆ ಬಗ್ಗಿದಂತೆ. ಅದಕ್ಕೆ ತಾನು ತಿರುಗಿ ಬಗ್ಗಬೇಕಿಲ್ಲ ಎನ್ನುತ್ತಾಳೆ.

ಮರುದಿನ ನಮುಲಿ ಎಂದಿಗಿಂತ ಮುಂಚೆ ಇಳಿದು ಬಂದಳು. ಶಿವಬಸವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ಎಡ ಅಂಗೈಯ ಲಿಂಗದಲ್ಲಿ ದೃಷ್ಟಿಯಿಟ್ಟು ಕುರ್ಚಿಯ ಮೇಲೆ ಕುಳಿತಿದ್ದರು. ನಮುಲಿ ತುಸು ದೂರದಲ್ಲಿ ಮಂಡಿಯೂರಿ, ರಾತ್ರಿ ಹೇಗೆ ಕಳೆಯಿತೆಂದು ತನ್ನ ಭಾಷೆಯಲ್ಲಿ ಮೆಲ್ಲಗೆ ಕೇಳಿದಳು. ಶಿವಬಸವ್ವ ಏಳಲಿಲ್ಲ. ಪೂಜೆಯಲ್ಲಿ ಮಾತಾಡದವರು, "ಹ್ಞೂಂ" ಎಂದರಷ್ಟೇ. ನಮುಲಿಯ ಊರಿನ ಹಿರಿಯರೂ ಈ ಕುಶಲಪ್ರಶ್ನೆಯ ಕೊನೆಗೆ ಹೀಗೆಯೇ ಗಂಟಲಲ್ಲಿ ಒಂದು ನಾದ ಹೊರಡಿಸುತ್ತಾರೆ. ಕಿರಿಯರು ಅದನ್ನೇ ಮರಳಿಸಬೇಕು. ಅವಳು ಮರಳಿಸಿದಳು. ಶಿವಬಸವ್ವ ಮತ್ತೊಮ್ಮೆ ಹ್ಞೂಂಗುಟ್ಟಿದರು, ಅವಳೂ ಹ್ಞೂಂಗುಟ್ಟಿದಳು. ಆಮೇಲೆ ಎದ್ದು ರೊಟ್ಟಿ ತಟ್ಟುವುದನ್ನು ನೋಡಲು ಒಳಗೆ ಹೋದಳು.

ಪೂಜೆ ಮುಗಿಸಿದ ಶಿವಬಸವ್ವ ಮಗನನ್ನು ಕರೆದರು.

"ಗುರುಪಾದಪ್ಪಾ, ಆ ಹಾಸ್ಟೆಲಿನವರಿಗೆ ಫೋನ್ ಹಚ್ಚಿ ಖೋಲಿ ಬ್ಯಾಡಂತ ಹೇಳಿಬಿಡು. ಇಕಿ ಹೋದ್ರ ನನ್ನ ಕೂಡ ಹ್ಞೂಂ ಅನ್ನಾವರು ಯಾರದಾರ?"

"ಪೂಜಿಯೊಳಗ ಮಾತಾಡಬಾರದು ಅಂತಿದ್ದೆಲ್ಲವ್ವಾ."

"ಹ್ಞೂಂ ಅನ್ನೂದು ಮಾತೇನಲ್ಲ."

ಅಂದು ಸಂಜೆ ನಮುಲಿ ಮಂಚದ ಕೆಳಗಿನ ಪೆಟ್ಟಿಗೆಯನ್ನು ಹೊರಗೆಳೆದು ಬಟ್ಟೆಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸಿದಳು.

ಸತ್ಯವ್ವ ಇಲ್ಲಿಗೆ ನಿಲ್ಲಿಸಿ ಮೊರದ ಅಕ್ಕಿಯನ್ನು ಬುಟ್ಟಿಗೆ ಸುರಿದರು. ಹಾಗಾದರೆ ಆ ಹುಡುಗಿ ಬಗ್ಗಿದ್ದು ಯಾರಿಗೆ, ಅಜ್ಜಿಗೋ ಲಿಂಗಕ್ಕೋ ಎಂದು ನೆರೆಮನೆಯ ರೂಪಾಲಿ ಕೇಳಿದಳು.

"ಆಕಿ ನನ್ನ ತಂಗಿಗೆ ಬಗ್ಗಿದ್ಲು. ನನ್ನ ತಂಗಿ ಅದನ್ನ ದೇವರಿಗೆ ಮುಟ್ಟಿಸಿದ್ಲು."

ಹೆಂಗಸರು ಸೆರಗಿನ ತೌಡು ಝಾಡಿಸಿಕೊಂಡು ಎದ್ದರು. ರೂಪಾಲಿ ರೂಢಿಯಂತೆ ಸತ್ಯವ್ವನವರ ಕಾಲಿಗೆ ಬಗ್ಗಹೋದಳು.

"ನಿಂತಲ್ಲಿಂದನ ಹೇಳಿ ಹೋಗವಾ. ನೀ ಬಗ್ಗಿದ್ರ ನಾನೂ ಬಗ್ಗಬೇಕಾಗತೈತಿ."

ಎಲ್ಲರೂ ನಕ್ಕು, ತಂತಮ್ಮ ಮೊರಗಳನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋದರು.